ಹಿಂದಿನ ಸಾಲಿನವರಿಗೂ ಒಂದು ಫ್ಲ್ಯಾಶ್ ಇಡ್ರೀ...

ಗೆಳೆಯರೇ, ಇವತ್ತು ಸ್ವಲ್ಪ ಜಗಳ ಮಾಡೋಣ ಅಂತಲೇ ಕೂತಿದ್ದೀನಿ. ಜಗಳ ಯಾರ ಜೊತೆ ಅಂದ್ರೆ, ಫೋಟೋ ತೆಗೆಯೋದರ ಬಗ್ಗೆ ಬರೆಯುವ ನಮ್ಮ ಬಳಗದವರ ಜೊತೆಗೇ. ಕನ್ನಡದಲ್ಲಿ ಕ್ಯಾಮೆರಾ ಬಗ್ಗೆ ಬರೆಯೋರೇ ನಾಲ್ಕು ಜನ. ಆ ನಾಲ್ಕೂ ಜನ ಮೊದಲ ಪಾಠದಲ್ಲಿ ಹೇಳೋದು ಒಂದೇ ಮಾತು, "ಫ್ಲ್ಯಾಶ್ ಬಳಸಬೇಡಿ, ಸಹಜ ಬೆಳಕೇ ಸುಂದರ". ಅದರ ಕೆಳಗೊಂದು ಫೋಟೋ. ಆಳೆತ್ತರದ ಗಾಜಿನ ಕಿಟಕಿ, ತೆಳ್ಳನೆ ಬಿಳಿ ಪರದೆ, ಪಕ್ಕದಲ್ಲಿ ಕಾಫಿ ಹಿಡಕೊಂಡು ಹೊರಗೆ ನೋಡ್ತಿರೋ ಹುಡುಗಿ. ಚಂದ ಇದೆ, ಇಲ್ಲ ಅನ್ನಲ್ಲ. ಆದ್ರೆ ಆ ಕಿಟಕಿ ಎಲ್ಲಿಂದ ತರೋಣ?

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹಳೇ ಮನೆ ಒಳಗೆ ಬಂದಿದ್ದೀರಾ? ಮೊಳಗಟ್ಟಲೆ ದಪ್ಪದ ಗೋಡೆ, ಮೇಲೆ ಜಂತಿ, ಜಂತಿ ಮೇಲೆ ಮಣ್ಣು. ಬೆಳಕು ಬರೋದು ತಲಬಾಗಿಲಿಂದ, ಇಲ್ಲಾ ಮಾಳಿಗೆಯ ಬೆಳಕಿಂಡಿಯಿಂದ. ಒಲೆಯ ಹೊಗೆ ಕುಡಿದು ಕುಡಿದು ಜಂತಿ ಕರ್ರಗೆ ಮಿರುಗ್ತಿರ್ತದೆ. ಕುಬಸ, ತೊಟ್ಟಿಲು, ನಿಶ್ಚಯ ಎಲ್ಲಾ ಇಂಥ ಪಡಸಾಲೆಯಲ್ಲೇ ಆಗೋದು. ಬೀಗರು ಮುಂದೆ ಕಂಬಳಿ ಮೇಲೆ, ಹೆಂಗಸರು ನಡುಮನೆಯ ಬಾಗಿಲಲ್ಲಿ, ಅಜ್ಜಿ ಇನ್ನೂ ಹಿಂದೆ ಕಂಬಕ್ಕೆ ಒರಗಿಕೊಂಡು. ಕರೆಂಟ್ ಇಲ್ಲ ಅಂತ ಅಲ್ಲ ಮತ್ತೆ. ಹುಕ್ಕೇರಿ ತಾಲೂಕಿನವರಂತೂ 1969ರಿಂದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡು ಕರೆಂಟ್ ಹಂಚಿಕೊಂಡವರು. ಕರೆಂಟ್ ಬಂತು, ಬಲ್ಬೂ ಬಂತು. ಬಲ್ಬು ಮಾತ್ರ ಒಂದೇ, ಅದೂ ಬಾಗಿಲ ಮೇಲೆ!

ಇಂಥ ಜಾಗದಲ್ಲಿ ಸಹಜ ಬೆಳಕು ಅಂದ್ರೆ ಸಹಜ ಕತ್ತಲೆ, ಅಷ್ಟೇ.

ಇನ್ನು ಇದಕ್ಕೆ ಉಲ್ಟಾ ಪಂಗಡ ಒಂದಿದೆ. ಈಗ ಎರಡು ಮೂರು ವರ್ಷದಿಂದ ಕಾಲೇಜು ಹುಡುಗರು ಅಪ್ಪನ ಅಲ್ಮಾರಾದಲ್ಲಿ ಬಿದ್ದಿದ್ದ 2005-2010ರ ಕಾಲದ ಸಣ್ಣ ಡಿಜಿಟಲ್ ಕ್ಯಾಮೆರಾ ಹುಡುಕಿ ತೆಗೀತಿದ್ದಾರೆ. ಒಳ್ಳೇದೇ. ಆದ್ರೆ ಅವರಿಗೆ ಅದರಲ್ಲಿ ಇಷ್ಟ ಆಗಿರೋದು ಏನು ಗೊತ್ತಾ? ಮುಖಕ್ಕೆ ರಪ್ ಅಂತ ಹೊಡೆಯುವ ಫ್ಲ್ಯಾಶು. ಎಣ್ಣೆ ಹಚ್ಚಿದಂಗೆ ಹೊಳೆಯೋ ಹಣೆ, ಬೆನ್ನ ಹಿಂದೆ ಗೋಡೆ ಮೇಲೆ ಕಡಕ್ಕಾದ ನೆರಳು, ಅದರಾಚೆ ಕತ್ತಲು. ಅದು ಸ್ಟೈಲಂತೆ! ಸ್ನೇಹಿತರ ಪಾರ್ಟಿಯಲ್ಲಿ ಸ್ಟೈಲೇ ಇರಲಿ. ಮನೆ ಕಾರ್ಯದಲ್ಲಿ ಆ ಕತ್ತಲಿನೊಳಗೆ ಇರೋದು ಯಾರು ಅಂತ ಒಮ್ಮೆ ಯೋಚನೆ ಮಾಡ್ರಿ.

ಗೋಕಾಕದಲ್ಲಿ ಸ್ಟುಡಿಯೋ ಇಟ್ಟಿರೋ ಪರಿಚಯದವರೊಬ್ಬರು ಹೇಳ್ತಿದ್ರು: "ಮದವಿ ಅಲ್ಬಮ್ ಬಗಲಾಗ ಹಿಡ್ಕೊಂಡ ಬರ್ತಾರ್ರೀ ಮಂದಿ. ಈ ಮೂಲ್ಯಾಗ ನಮ್ಮವ್ವ ನಿಂತಾಳ ನೋಡ್ರಿ, ಇಕೀನ್ನ ಅಷ್ಟ ತಗದು ದೊಡ್ಡದ ಮಾಡಿ ಫ್ರೇಮ್ ಹಾಕಿ ಕೊಡ್ರಿ, ಬ್ಯಾರೆ ಫೋಟೋನ ಇಲ್ಲ ಅಂತಾರ. ಏನ ತಗೀಲಿ ನಾ? ಬರೇ ಕಪ್ಪ. ಮೂಗಬಟ್ಟ ಒಂದ ಮಿಂಚತದ, ಅಷ್ಟ. ಈಗ ಆ್ಯಪ್ ಬಂದಾವಲ್ಲ, ಅದಕ್ಕ ಹಾಕಿದ್ರ ಅದು ಬ್ಯಾರೆ ಯಾವುದೋ ಮುದುಕೀ ಮಾರಿ ಹಚ್ಚಿ ಕೊಡತದ!"

ಇದು ನನ್ನ ಜಗಳದ ಮೂಲ. ಬದುಕಿಡೀ ಒಂದೂ ಫೋಟೋ ತೆಗೆಸಿಕೊಳ್ಳದ ಹೆಣ್ಣುಮಗಳು ಯಾರದೋ ಕಾರ್ಯದ ಫೋಟೋದಲ್ಲಿ ಹಿಂದೆ ನಿಂತಿದ್ದಾಳೆ. ಆ ಫೋಟೋ ತೆಗೆದವನ ಹತ್ರ ಕ್ಯಾಮೆರಾ ಇತ್ತು, ಫ್ಲ್ಯಾಶ್ ಇತ್ತು, ಆಕೆ ನಿಂತಿದ್ದೂ ಕಂಡಿತ್ತು. ಬೆಳಕು ಮಾತ್ರ ಆಕೆಯ ತನಕ ಹೋಗಲಿಲ್ಲ.

ಯಾಕೆ ಹೋಗಲಿಲ್ಲ ಅನ್ನೋದು ಸರಳ ಲೆಕ್ಕ. ಬೆಳಕು ದೂರ ಹೋದಂತೆ ದೂರದ ವರ್ಗಕ್ಕೆ ತಕ್ಕಂತೆ ತೆಳ್ಳಗಾಗ್ತದೆ. ಕ್ಯಾಮೆರಾದಿಂದ 4 ಅಡಿಗೆ ಕೂತ ಬೀಗರಿಗೆ ಬಿದ್ದ ಬೆಳಕಿನ ಕಾಲು ಭಾಗ ಮಾತ್ರ 8 ಅಡಿಗೆ ನಿಂತವರಿಗೆ ಸಿಗೋದು. 12 ಅಡಿಗೆ ನಿಂತ ಅಜ್ಜಿಗೆ 9ರಲ್ಲಿ 1 ಪಾಲು. ಕ್ಯಾಮೆರಾ ಮೇಲಿನ ಫ್ಲ್ಯಾಶ್ ಎಷ್ಟು ದುಬಾರಿಯದ್ದಾದ್ರೂ ಈ ಲೆಕ್ಕ ತಪ್ಪಲ್ಲ. ಪವರ್ ಏರಿಸಿದ್ರೆ ಅಜ್ಜಿ ಕಾಣ್ತಾಳೆ, ಬೀಗರು ಸುಣ್ಣ ಬಳಿದಂಗಾಗ್ತಾರೆ. "ಫ್ಲ್ಯಾಶ್ ಮೇಲೆ ತಿರುಗಿಸಿ ಸೂರಿಗೆ ಹೊಡೀರಿ, ಬೆಳಕು ಹರಡ್ತದೆ" ಅಂತ ಪುಸ್ತಕದಲ್ಲಿ ಇರ್ತದೆ. ಪುಸ್ತಕ ಬರೆದವರ ಮನೆ ಸೂರು ಬಿಳೀ ಇರಬೇಕು :-) ನಮ್ಮ ಜಂತಿ ಆ ಬೆಳಕನ್ನ ನುಂಗಿ ನೀರು ಕುಡೀತದೆ.

ಉಳಿದದ್ದು ಒಂದೇ ದಾರಿ. ಇನ್ನೊಂದು ಸಣ್ಣ ಫ್ಲ್ಯಾಶನ್ನ ಕ್ಯಾಮೆರಾದಿಂದ ಬಿಡಿಸಿ, ಹಿಂದಿನವರ ಹತ್ತಿರ ಇಡೋದು. ಗೋಡೆಯ ಗೂಡಿನಲ್ಲಿ, ಕಪಾಟಿನ ಮೇಲೆ, ಎಲ್ಲಾದ್ರೂ. ಎದುರಿನ ಸುಣ್ಣದ ಗೋಡೆ ಕಡೆ ಮುಖ ಮಾಡಿ ಇಟ್ಟರೆ ಇನ್ನೂ ಚಂದ. ಆ ಗೋಡೆಯೇ ಕಿಟಕಿ ಆಗ್ತದೆ. ವೈರು ಬೇಡ. ಕ್ಯಾಮೆರಾದ ಫ್ಲ್ಯಾಶ್ ಮಿಂಚಿದ್ದನ್ನ ಕಂಡು ಇದೂ ಅದೇ ಕ್ಷಣ ಮಿಂಚ್ತದೆ. ಇದನ್ನೇ ಸ್ಲೇವ್ ಫ್ಲ್ಯಾಶ್ ಅನ್ನೋದು. ಒಳಗಿರೋದು ಬೆಳಕು ಗುರುತಿಸುವ ಒಂದು ಚಿಕ್ಕ ಸೆನ್ಸರ್ ಅಷ್ಟೇ. ಹೆಸರಿನ ವಿಷಯಕ್ಕೆ ಆಮೇಲೆ ಬರ್ತೀನಿ.

ಇಷ್ಟು ಸುಲಭ ಇದ್ರೆ ಎಲ್ಲರೂ ಯಾಕೆ ಮಾಡಲ್ಲ? ಇಲ್ಲೇ ನನ್ನ ಎರಡನೇ ಸಿಟ್ಟು.

ಡಿಜಿಟಲ್ ಬಂದ ಹೊಸತರಲ್ಲಿ ನಮ್ಮ ಕಡೆ ಎಷ್ಟೋ ಸ್ಟುಡಿಯೋದವರು ಫಿಲ್ಮ್ ಕಾಲದ ಸ್ಲೇವನ್ನೇ ಇಟ್ಟು ಫೋಟೋ ಹೊಡೆದರು. ಸ್ಲೇವ್ ಮಿಂಚ್ತಿತ್ತು, ಕಣ್ಣಾರೆ ಕಾಣ್ತಿತ್ತು. ಫೋಟೋದಲ್ಲಿ ಮಾತ್ರ ಅದರ ಬೆಳಕೇ ಇಲ್ಲ! ಬೆಳಗಾವಿಯ ಅಂಗಡಿಗೆ ಒಯ್ದರೆ ಅಲ್ಲಿಯವರು ಹೇಳಿದ್ದು, "ಡಿಜಿಟಲ್‌ಗೆ ಇದು ನಡೆಯಲ್ಲ, ಅದೇ ಕಂಪನಿಯ ದೊಡ್ಡ ಫ್ಲ್ಯಾಶ್ ತಗೊಳ್ಳಿ". ಹಿಂಗೆ ಹೇಳಿ ಹೇಳಿಯೇ ಒಂದು ಒಳ್ಳೆ ಉಪಾಯ ಮೂಲೆ ಸೇರ್ತು. ನಡೆಯಲ್ಲ ಅನ್ನೋದು ಶುದ್ಧ ಸುಳ್ಳು. ಯಾಕೆ ನಡೀತಿಲ್ಲ ಅಂತ ಗ್ರಾಹಕನಿಗೆ ಅವನ ಭಾಷೆಯಲ್ಲಿ ಹೇಳೋ ತೊಂದರೆ ಯಾರೂ ತಗೊಳ್ಳಲಿಲ್ಲ. ಕ್ಯಾಮೆರಾ ಡಬ್ಬಿಯೊಳಗಿನ ಇಂಗ್ಲಿಷ್ ಪುಸ್ತಕ ಬಿಚ್ಚಿ ಓದೋರು ಎಷ್ಟು ಜನ? ನಾನು ಹೇಳ್ತೀನಿ ಕೇಳ್ರಿ.

ಫಿಲ್ಮ್ ಕಾಲದ ಟಿಟಿಎಲ್ ಕ್ಯಾಮೆರಾಗಳು ಫೋಟೋ ಬೀಳುವಾಗಲೇ ಫಿಲ್ಮಿನ ಮೈಯಿಂದ ವಾಪಸು ಬಂದ ಬೆಳಕನ್ನ ಅಳೆದು, ಸಾಕು ಅನ್ನಿಸಿದಾಗ ಫ್ಲ್ಯಾಶ್ ಆರಿಸ್ತಿದ್ವು. ಡಿಜಿಟಲ್ ಸೆನ್ಸರಿನ ಮೈ ಗಾಜಿನಂಗೆ ಹೊಳೀತದೆ, ಅಲ್ಲಿ ಹಂಗೆ ಅಳೆಯೋಕೆ ಸರಿಬರಲ್ಲ. ಹಂಗಾಗಿ ಶಟರ್ ತೆರೆಯೋಕೆ ಮುಂಚೆಯೇ ಒಂದು ಸಣ್ಣ ಮಿಂಚು ಬಿಟ್ಟು, ಅದರ ಬೆಳಕು ಅಳೆದು, ಆಮೇಲೆ ನಿಜವಾದ ಮಿಂಚು ಬಿಡ್ತವೆ. ಈ ಮುಂಗಡ ಮಿಂಚು ಡಿಜಿಟಲ್‌ನದ್ದೇ ಅಂತೇನಿಲ್ಲ, ಕ್ಯಾನನ್‌ನವರು 1995ರಲ್ಲೇ ಒಂದು ಫಿಲ್ಮ್ ಕ್ಯಾಮೆರಾದಲ್ಲಿ ತಂದಿದ್ರು. ಎರಡೂ ಮಿಂಚು ಎಷ್ಟು ಹತ್ತಿರ ಬರ್ತವೆ ಅಂದ್ರೆ ನಮ್ಮ ಕಣ್ಣಿಗೆ ಒಂದೇ ಅನ್ನಿಸ್ತದೆ.

ನಮ್ಮ ಸೀಮೆಯವರಿಗೆ ಇದನ್ನ ಪಾರಿಜಾತದ ಭಾಷೆಯಲ್ಲಿ ಹೇಳೋದು ಸುಲಭ. ಕುಲಗೋಡ ತಮ್ಮಣ್ಣ, ಕೌಜಲಗಿ ನಿಂಗಮ್ಮ ಹೆಸರು ಮಾಡಿದ ಶ್ರೀಕೃಷ್ಣ ಪಾರಿಜಾತದ ನಾಡಿದು. ಮುಂದಿನವರು ಹಾಡ್ತಾರೆ, ಹಿಮ್ಮೇಳದವರು ಎತ್ತಿಕೊಳ್ತಾರೆ. ಈಗ ಮುಂದಿನವರು ಹಾಡೋಕೆ ಮುಂಚೆ "ಹ್ಞುಂ ಹ್ಞುಂ" ಅಂತ ಗಂಟಲು ಸರಿ ಮಾಡಿಕೊಂಡರು ಅಂತಿಟ್ಟುಕೊಳ್ರಿ. ದಡ್ಡ ಹಿಮ್ಮೇಳದವ ಅದನ್ನೇ ಹಾಡು ಅಂದುಕೊಂಡು ಎದೆ ತುಂಬ ಉಸಿರಲ್ಲಿ ಎತ್ತಿಯೇ ಬಿಟ್ಟ. ಹಾಡು ನಿಜವಾಗಿ ಶುರುವಾದಾಗ ಅವನಿಗೆ ಉಸಿರೇ ಇಲ್ಲ! ಹಳೇ ಸ್ಲೇವ್ ಮಾಡೋದು ಇದನ್ನೇ. ಮುಂಗಡ ಮಿಂಚಿಗೇ ಪೂರ್ತಿ ಖಾಲಿಯಾಗಿ, ಶಟರ್ ತೆರೆದಾಗ ಮತ್ತೆ ಚಾರ್ಜ್ ಆಗ್ತಾ ಕೂತಿರ್ತದೆ.

ರೋಗ ಗೊತ್ತಾದ ಮೇಲೆ ಮದ್ದು ಕಷ್ಟ ಇಲ್ಲ. ಕ್ಯಾಮೆರಾದ ಮೆನುವಿನಲ್ಲಿ ಫ್ಲ್ಯಾಶನ್ನ ಟಿಟಿಎಲ್‌ನಿಂದ ಮ್ಯಾನ್ಯುವಲ್‌ಗೆ ಹಾಕಿದ್ರೆ ಅಳೆಯೋ ಕೆಲಸವೇ ಇಲ್ಲ, ಮುಂಗಡ ಮಿಂಚೂ ಇಲ್ಲ. ಪವರ್ ಕೆಳಗಿಳಿಸಿಬಿಡ್ರಿ, ಅದರ ಕೆಲಸ ಸನ್ನೆ ಮಾಡೋದಷ್ಟೇ. ಕೆಂಗಣ್ಣು ತಡೆಯೋ ಸೆಟ್ಟಿಂಗ್ ಇರ್ತದಲ್ಲ, ಅದನ್ನ ಕಡ್ಡಾಯವಾಗಿ ಆರಿಸ್ರಿ, ಅದೂ ಮೊದಲೇ ಬೆಳಕು ಬಿಡ್ತದೆ. ಎಷ್ಟೋ ಸಣ್ಣ ಕ್ಯಾಮೆರಾಗಳಲ್ಲಿ ಮ್ಯಾನ್ಯುವಲ್ ಫ್ಲ್ಯಾಶೇ ಇಲ್ಲ. ಅಂಥದ್ದಕ್ಕೆ ಎರಡು ಮಿಂಚನ್ನೂ ಎಣಿಸುವ ಸ್ಲೇವ್ ಬೇಕು. ಗೋಡಾಕ್ಸ್, ಯೋಂಗ್‌ನುವೋದಂಥ ಕಡಿಮೆ ಬೆಲೆಯ ಎಷ್ಟೋ ಫ್ಲ್ಯಾಶ್‌ಗಳಲ್ಲಿ ಎಸ್1, ಎಸ್2 ಅಂತ ಇರ್ತದೆ. ಎಸ್1 ಮೊದಲ ಮಿಂಚಿಗೇ ಹೊಡೆಯೋದು. ಎಸ್2 ಕೆಮ್ಮಿಗೂ ಹಾಡಿಗೂ ವ್ಯತ್ಯಾಸ ಗೊತ್ತಿರೋ ಹಿಮ್ಮೇಳ. ಇಷ್ಟೇ ಇದರ ಗುಟ್ಟು, ಇದನ್ನೇ ಅಂಗಡಿಯಲ್ಲಿ ಯಾರೂ ಹೇಳಲ್ಲ.

ಕ್ಯಾಮೆರಾದಲ್ಲಿ ಫ್ಲ್ಯಾಶ್ ಲಾಕ್ ಬಟನ್ ಇದ್ರೆ ಇನ್ನೊಂದು ಪುಕ್ಕಟೆ ಉಪಾಯ ಇದೆ. ಬಟನ್ ಒತ್ತಿದಾಗ ಮುಂಗಡ ಮಿಂಚು ಆಗಲೇ ಹೋಗಿಬಿಡ್ತದೆ, ಸ್ಲೇವೂ ಒಮ್ಮೆ ಹೊಡೀತದೆ. ಅದು ಮತ್ತೆ ತುಂಬಿಕೊಳ್ಳೋ ತನಕ ಎರಡು ಉಸಿರು ಕಾಯ್ದು, ಆಮೇಲೆ ಫೋಟೋ ತೆಗೆದ್ರೆ ನಿಜವಾದ ಮಿಂಚಿಗೆ ಸರಿಯಾಗಿ ಹೊಡೀತದೆ. ಕೂತವರ ಫೋಟೋಗೆ ಅಡ್ಡಿ ಇಲ್ಲ. ಅಕ್ಕಿಕಾಳು ಬೀಳೋ ಹೊತ್ತಲ್ಲಿ ಮಾಡಾಕ ಹೋಗಬ್ಯಾಡ್ರಿ, ತಾಳಿ ಕಟ್ಟಿ ಮುಗಿದಿರ್ತದೆ!

ಇನ್ನು ಹಳೇ ಫ್ಲ್ಯಾಶ್ ವಿಷಯ. ಸ್ಟುಡಿಯೋಗಳಲ್ಲಿ ಫಿಲ್ಮ್ ಕಾಲದ ಗಟ್ಟಿಮುಟ್ಟಾದ ಫ್ಲ್ಯಾಶ್‌ಗಳು ಧೂಳು ತಿನ್ನುತ್ತಾ ಕೂತಿವೆ. ಅವನ್ನ ಡಿಜಿಟಲ್ ಕ್ಯಾಮೆರಾದ ತಲೆ ಮೇಲೆ ಸಿಕ್ಕಿಸೋಕೆ ಹೆದರ್ತಾರೆ, ಹೆದರೋದೇ ಸರಿ. ಕೆಲವು ಹಳೇ ಫ್ಲ್ಯಾಶ್‌ಗಳು ಕೂರುವ ಜಾಗದಲ್ಲಿ 200 ವೋಲ್ಟಿಗೂ ಹೆಚ್ಚು ಬಿಡ್ತವೆ, ಎಷ್ಟೋ ಡಿಜಿಟಲ್ ಕ್ಯಾಮೆರಾಗಳ ಸರ್ಕ್ಯೂಟ್ ಅದನ್ನ ತಡೆಯಲ್ಲ. ಆದ್ರೆ ಸ್ಲೇವ್ ಮಾಡಿ ದೂರ ಇಟ್ಟರೆ ಕ್ಯಾಮೆರಾಗೂ ಅದಕ್ಕೂ ಸಂಬಂಧ ಬರೀ ಬೆಳಕಿನದ್ದು, ಕರೆಂಟಿನದ್ದಲ್ಲ. ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಸ್ಲೇವ್ ಟ್ರಿಗರ್ ಕೆಲವು ನೂರು ರೂಪಾಯಿಗೆ ಸಿಗ್ತದೆ. ಅದಕ್ಕೆ ಎಸ್2 ಬುದ್ಧಿ ಇರಲ್ಲ, ಹಂಗಾಗಿ ಕ್ಯಾಮೆರಾ ಮ್ಯಾನ್ಯುವಲ್ ಇರಬೇಕು. ತಕ್ಕಡಿಗೆ ಹಾಕಿ ಮಾರೋ ಬದಲು ಇದನ್ನ ಯಾಕೆ ಮಾಡಬಾರದು?

"ಈಗಿನ ಕ್ಯಾಮೆರಾದಲ್ಲಿ ಐಎಸ್ಒ 6400, 12800 ಆರಾಮ ಹೋಗ್ತದೆ, ಇದೆಲ್ಲ ಹಳೇ ಕತೆ" ಅಂತ ಈಗಾಗಲೇ ಕಮೆಂಟ್ ಟೈಪ್ ಮಾಡ್ತಿದ್ದೀರಿ ಅಂತ ಗೊತ್ತು :-) ಒಪ್ಪಿದೆ. ಚೆನ್ನಾಗಿ ಬೆಳಕಿರೋ ಮಂಗಲ ಕಾರ್ಯಾಲಯದಲ್ಲಿ ಅಷ್ಟು ಸಾಕು. ಪಡಸಾಲೆಯಲ್ಲಿ ಸಾಕಾಗಲ್ಲ. ಬೆಳಕು ಕಡಿಮೆ ಇರೋದು ಒಂದು ತೊಂದರೆ, ತಪ್ಪು ಕಡೆಯಿಂದ ಬರೋದು ಇನ್ನೊಂದು. ಬಾಗಿಲ ಮೇಲಿನ ಬಲ್ಬಿನಿಂದ ಬಂದ ಬೆಳಕಿಗೆ ಕಣ್ಣಿನ ಗೂಡಲ್ಲಿ ನೆರಳು ತುಂಬಿರ್ತದೆ. ಐಎಸ್ಒ ಏರಿಸಿದ್ರೆ ಆ ಕೆಟ್ಟ ಬೆಳಕೇ ಇನ್ನಷ್ಟು ಸ್ಪಷ್ಟ ಆಗ್ತದೆ. ಕಪ್ಪು ಬಣ್ಣದ ಮುಖದ ಮೇಲೆ, ಅಂದ್ರೆ ನಮ್ಮಲ್ಲಿ ಮುಕ್ಕಾಲು ಮಂದಿಯ ಮುಖದ ಮೇಲೆ, ಮೊದಲು ಕೆಡೋದೇ ಈ ನೆರಳಿನ ಭಾಗ.

ಎಲ್ಇಡಿ ಪ್ಯಾನೆಲ್ ಅಂತೀರಾ? ಅದರ ಸುದ್ದಿ ತೆಗೀಬ್ಯಾಡ್ರಿ. ಒಂದು ತಾಸು ಕಣ್ಣಿಗೆ ಹಿಡಿದು ನಿಲ್ಲಿಸಿದ್ರೆ ಮದುಮಗಳ ಕಣ್ಣಲ್ಲಿ ನೀರು, ಮುದುಕರು ಕೈ ಅಡ್ಡ ಹಿಡಿದು ಕೂತಿರ್ತಾರೆ. ಫ್ಲ್ಯಾಶ್ ಸೆಕೆಂಡಿನ ಸಾವಿರದ ಒಂದು ಪಾಲು, ಇಲ್ಲಾ ಅದಕ್ಕೂ ಕಡಿಮೆ ಹೊತ್ತು ಬಂದು ಹೋಗ್ತದೆ. ವಿಡಿಯೋದವರಿಗೆ ಬೇರೆ ದಾರಿ ಇಲ್ಲ. ಫೋಟೋದವರಿಗೆ ಇದೆ.

ರೇಡಿಯೋ ಟ್ರಿಗರ್ ಅಂದ್ರೆ ಮಾತ್ರ ನನ್ನ ಜಗಳ ಇಲ್ಲ. ಬಿಸಿಲಲ್ಲಿ ಬೆಳಕಿನ ಸ್ಲೇವ್ ಕುರುಡಾಗ್ತದೆ, ಕಂಬದ ಹಿಂದೆ ಇಟ್ಟರೂ ಕಾಣಲ್ಲ. ದುಡ್ಡಿದ್ರೆ ರೇಡಿಯೋದ್ದೇ ತಗೊಳ್ರಿ. ಆದ್ರೆ ಒಂದು ಮಜಾ ನೋಡ್ರಿ. ಹದಿನೈದು ವರ್ಷದ ಹಿಂದೆ ಮದುವೆಯಲ್ಲಿ ಪ್ರತಿ ಸೋದರಮಾವನ ಕೈಯಲ್ಲೂ ಒಂದೊಂದು ಡಿಜಿಟಲ್ ಕ್ಯಾಮೆರಾ ಇತ್ತು, ಅವರು ಹೊಡೆದಾಗೆಲ್ಲ ನಮ್ಮ ಸ್ಲೇವ್ ಖಾಲಿ ಆಗ್ತಿತ್ತು. ಈಗ ಎಲ್ಲರದ್ದೂ ಮೊಬೈಲು. ಅದರ ಎಲ್ಇಡಿ ಬೆಳಕಿಗೆ ಸ್ಲೇವ್ ಸಾಮಾನ್ಯವಾಗಿ ಕ್ಯಾರೇ ಅನ್ನಲ್ಲ. ಹಂಗಾಗಿ ಸ್ಲೇವ್ ಇಡೋಕೆ ಇವತ್ತಿನಷ್ಟು ಒಳ್ಳೆ ಕಾಲ ಹಿಂದೆ ಇರಲೇ ಇಲ್ಲ!

ಮನೆ ಹೊರಗೂ ಇದರ ಉಪಯೋಗ ಉಂಟು. ಗೋಕಾಕದ ಲಕ್ಷ್ಮೀದೇವಿ ಜಾತ್ರೆಯಲ್ಲಿ ಭಂಡಾರ ಹಾರಿಸೋದು ನೋಡಿದ್ದೀರಲ್ಲ, ಗಾಳಿಯೇ ಅರಿಶಿನ ಆಗಿರ್ತದೆ. ಸಂಜೆ ಮೇಲೆ ಕ್ಯಾಮೆರಾ ಫ್ಲ್ಯಾಶ್ ಹೊಡೆದರೆ ಲೆನ್ಸ್ ಮುಂದಿನ ಪುಡಿಯೇ ಹೊಳೆದು, ಫೋಟೋ ತುಂಬ ಬಿಳೀ ಬಿಳೀ ಚುಕ್ಕೆ. ಅದೇ ಫ್ಲ್ಯಾಶನ್ನ ಕೋಲಿಗೆ ಕಟ್ಟಿ ತಮ್ಮನ ಕೈಗೆ ಕೊಟ್ಟು ಮಂದಿಯ ಪಕ್ಕಕ್ಕೆ, ತುಸು ಹಿಂದೆ ನಿಲ್ಲಿಸ್ರಿ. ಭಂಡಾರ ಬಂಗಾರ ಆಗ್ತದೆ. ಫ್ಲ್ಯಾಶಿಗೆ ಪ್ಲಾಸ್ಟಿಕ್ ಚೀಲ ಸುತ್ತೋದು ಮಾತ್ರ ಮರೀಬ್ಯಾಡ್ರಿ.

ಮೂಡಲಗಿ ಎಮ್ಮೆ ಸಂತೆಯವರಿಗೂ ಇದನ್ನ ಹೇಳಬೇಕು. ಈಗ ವ್ಯಾಪಾರದ ಮೊದಲ ಮಾತು ನಡೆಯೋದೇ ವಾಟ್ಸಾಪ್ ಫೋಟೋ ಮೇಲೆ. ನಸುಕಲ್ಲಿ ಎದುರಿನಿಂದ ಆಟೋ ಫ್ಲ್ಯಾಶ್ ಹೊಡೆದ್ರೆ ಕ್ಯಾಮೆರಾ ಕಪ್ಪು ಎಮ್ಮೆ ನೋಡಿ "ಅಯ್ಯೋ ಕತ್ತಲು" ಅಂತ ಗಾಬರಿಯಾಗಿ ಬೆಳಕು ಸುರೀತದೆ. ಎಮ್ಮೆ ಬೂದಿ ಬಣ್ಣ, ಕಣ್ಣು ಎರಡು ಟಾರ್ಚು. ಕ್ಯಾಮೆರಾದ ಫ್ಲ್ಯಾಶಿಗೆ ಹಳೇ ಕಲರ್ ನೆಗೆಟಿವ್‌ನ ತುದಿಯ ಕರಿ ತುಂಡು ಎರಡು ಪದರ ಅಡ್ಡ ಹಚ್ರಿ. ಕಣ್ಣಿಗೆ ಕಾಣೋ ಬೆಳಕು ಹೆಚ್ಚುಕಡಿಮೆ ನಿಲ್ಲತದೆ, ಕಾಣದ ಇನ್‌ಫ್ರಾರೆಡ್ ದಾಟಿ ಹೋಗ್ತದೆ, ಸ್ಲೇವಿಗೆ ಅಷ್ಟು ಸಾಕು. ಸ್ಲೇವನ್ನ ಬದಿಗೆ ಇಟ್ಟರೆ ಬೆನ್ನಿನ ಗೆರೆ, ಕೆಚ್ಚಲಿನ ನರ, ಮೈ ಮಿರುಗು ಎಲ್ಲ ಎದ್ದು ಕಾಣ್ತದೆ. ಕುಬಸದ ಹೆಣ್ಣುಮಗಳ ಫೋಟೋಗೂ ಇದೇ ಉಪಾಯ ನಡೀತದೆ. ಎಮ್ಮೆಗೆ ಸಿಕ್ಕ ಬೆಳಕು ಆಕೆಗೆ ಸಿಗದಿದ್ರೆ ಹೆಂಗ್ರಿ?

ಹುಕ್ಕೇರಿಯ ಹಳೇ ಗುಮ್ಮಟಗಳ ಒಳಗೂ ಇದೇ ಮಾತು, ಒಂದು ಮೂಲೆಯಲ್ಲಿ ಇಟ್ಟ ಸಣ್ಣ ಫ್ಲ್ಯಾಶ್ ಕಲ್ಲಿನ ಕೆಲಸ ಎಬ್ಬಿಸಿ ತೋರಿಸ್ತದೆ. ಆದ್ರೆ ಎಲ್ಲಾ ಕಡೆ ಹೊಡೀರಿ ಅಂತ ನಾನು ಹೇಳ್ತಿಲ್ಲ. ಪಾರಿಜಾತ ನಡೆಯುವಾಗ ಒಂದೂ ಹೊಡೀಬ್ಯಾಡ್ರಿ, ಎರಡಂತೂ ದೂರ ಉಳಿತು. ಬೇಕಾದ್ರೆ ಬಣ್ಣ ಹಚ್ಚಿಕೊಂಡ ಮೇಲೆ, ಆಟ ಶುರುವಾಗೋ ಮುಂಚೆ ಎಲ್ಲರನ್ನೂ ನಿಲ್ಲಿಸಿ ಒಂದು ಫೋಟೋ ತೆಗೀರಿ, ಪೇಟಿಯವರು, ತಾಳದವರು ಎಲ್ಲರ ಮುಖಕ್ಕೂ ಬೆಳಕು ಬೀಳಂಗೆ.

ಹೆಸರಿನ ವಿಷಯ ಬಾಕಿ ಇತ್ತು. ಸ್ಲೇವ್ ಅಂದ್ರೆ ಗುಲಾಮ. ನಮ್ಮ ಹುಡುಗರು ಅರ್ಥ ಗೊತ್ತಿಲ್ಲದೇ "ಅಣ್ಣಾ, ಸ್ಲೇವ್ ಹಚ್ಲ್ಯಾ?" ಅಂತಾರೆ. ಈಚೆಗೆ ಕೆಲವು ಕಂಪನಿಯವರೇ ಮಾಸ್ಟರ್, ಸ್ಲೇವ್ ಬಿಟ್ಟು ಸೆಂಡರ್, ರಿಸೀವರ್ ಅಂತ ಬರೆಯೋಕೆ ಶುರು ಮಾಡಿದ್ದಾರೆ. ಕನ್ನಡಕ್ಕೆ ಯಾರಾದ್ರೂ ಮತ್ತೆ "ದಾಸ್ಯಮಿಂಚುಕ" ಅಂತ ಏನಾದ್ರೂ ಅನುವಾದ ಮಾಡೋ ಮುಂಚೆ ನಾನು ಹೇಳಿಬಿಡ್ತೀನಿ, ನಾನಂತೂ ಹಿಮ್ಮೇಳ ಅಂತೀನಿ. ಹಿಮ್ಮೇಳದ ಫ್ಲ್ಯಾಶು. ನಿಮಗೆ ಇದಕ್ಕಿಂತ ಚಂದದ್ದು ಹೊಳೆದ್ರೆ ಕೆಳಗೆ ಬರೀರಿ.

ಅಂದ ಹಾಗೆ, ಅಟ್ಟದ ಮೇಲೆ ಹಳೇ ಫ್ಲ್ಯಾಶ್ ಇದ್ದವರು ಇವತ್ತೇ ಇಳಿಸಿ ಸೆಲ್ ಇದೆಯಾ ನೋಡ್ರಿ. ಇದ್ರೆ ಸೋರಿ ಹಸಿರುಗಟ್ಟಿರ್ತದೆ, ತೆಗೆದು ಒರೆಸಿ. ವರ್ಷಗಟ್ಟಲೆ ಬಿದ್ದಿದ್ದಾದ್ರೆ ಮೊದಲ ಸಲ ಚಾರ್ಜ್ ಆಗೋಕೆ ತುಂಬಾ ಹೊತ್ತು ಹಿಡೀತದೆ, ಕೆಟ್ಟೇ ಹೋಯ್ತು ಅಂತ ಎಸೀಬ್ಯಾಡ್ರಿ. ನಾಲ್ಕೈದು ಸಲ ಸುಮ್ಮನೆ ಗೋಡೆಗೆ ಹೊಡೆದು ನೋಡ್ರಿ.